9 ವರ್ಷದ ಮೊಲ, ಹಿಂಗಾಲಲ್ಲಿ ಬಲವಿಲ್ಲ: ಹೇಗೆ ನೋಡಿಕೊಂಡಿರಿ?

ಪ್ರಶ್ನೆ: ನಮ್ಮ ಮೊಲಕ್ಕೆ 9 ವರ್ಷ. ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಹಿಂಗಾಲಲ್ಲಿ ಬಲವಿಲ್ಲ, ಮೂತ್ರದಲ್ಲೇ ಕೂತಿರುತ್ತದೆ. ತಿನ್ನುವುದೂ ಅರ್ಧಕ್ಕೆ ಇಳಿದಿದೆ. ಇಂಥ ಮೊಲವನ್ನು ಮನೆಯಲ್ಲಿ ನೋಡಿಕೊಂಡವರು ದಯವಿಟ್ಟು ಹೇಳಿ. ಸುಮ್ನೆ ನರಳಿಸುತ್ತಿದ್ದೇನಾ ಅನ್ನುವ ಭಯ ನನಗೆ.

ಉತ್ತರ: ನಮ್ಮ ಮುತ್ತುವಿಗೂ ಇದೇ ಆಗಿತ್ತು. ಕಿಡ್ನಿ ತೊಂದರೆ, ಜೊತೆಗೆ ಕೀಲುನೋವು. ಕೊನೆಯ 7 ತಿಂಗಳು ನಾನೇ ನೋಡಿಕೊಂಡೆ.

ಎಲ್ಲಕ್ಕಿಂತ ಮೊದಲು ಹಿಕ್ಕೆ ನೋಡಿ. ಮೊಲ ನೋವನ್ನು ಬಚ್ಚಿಟ್ಟುಕೊಳ್ಳುವ ಪ್ರಾಣಿ, ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಾನು ದಿನಾ ಬೆಳಿಗ್ಗೆ ನಾಲ್ಕು ಹಿಕ್ಕೆ ಅಂಗೈಗೆ ಹಾಕಿಕೊಂಡು ನೋಡುತ್ತಿದ್ದೆ. ದುಂಡಗಿದ್ದು, ಬೆರಳಲ್ಲಿ ಒತ್ತಿದರೆ ಹುಲ್ಲಿನ ಪುಡಿಯಾಗಿ ಉದುರಿದರೆ ಸಮಾಧಾನ. ಚಿಕ್ಕದಾಗಿ, ಕಪ್ಪಗೆ, ಗಟ್ಟಿಯಾಗಿದ್ದರೆ ಹೊಟ್ಟೆಯ ಕೆಲಸ ನಿಧಾನವಾಗಿದೆ ಅಂತ. 12 ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ನಡುರಾತ್ರಿಯಾದರೂ ಡಾಕ್ಟರ್ ಹತ್ತಿರ ಓಡಿ.

ಮೂತ್ರ ಮೆತ್ತಿಕೊಂಡಿದೆ ಅಂತ ಸ್ನಾನ ಮಾಡಿಸಬೇಡಿ. ಗಾಬರಿಗೆ, ಚಳಿಗೆ ಜೀವವೇ ಹೋಗಬಹುದು. ಒದ್ದೆಯಾದ ಜಾಗವನ್ನಷ್ಟೇ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬುಡದವರೆಗೆ ಒಣಗಿಸಿ. ಮೊದಮೊದಲು ನಾನು ಒರೆಸಿ ಹಾಗೇ ಬಿಡುತ್ತಿದ್ದೆ. ತೇವ ಉಳಿದು ತೊಡೆಯ ಒಳಗೆ ಕೂದಲು ಉದುರಿತು, ಚರ್ಮ ಕೆಂಡದಂತೆ ಕೆಂಪಾಯಿತು. ಅಂಥ ಜಾಗದಲ್ಲಿ ನೊಣ ಮೊಟ್ಟೆ ಇಟ್ಟರೆ ಹುಳ ಆಗುತ್ತದೆ, ಅದು ತುಂಬಾ ಅಪಾಯ. ಆಮೇಲೆ ಕೆಳಗೆ ನೀರು ಹೀರುವ ಪ್ಯಾಡ್, ಮೇಲೆ ಮೆತ್ತನೆಯ ಫ್ಲೀಸ್ ಬಟ್ಟೆ ಹಾಕತೊಡಗಿದೆ. ಜಾರುವ ನೆಲದ ಮೇಲಂತೂ ಬಿಡಬೇಡಿ.

ನೀರು ಬಾಟಲಿಗಿಂತ ಬಟ್ಟಲಲ್ಲಿ ಇಟ್ಟರೆ ಜಾಸ್ತಿ ಕುಡಿಯುತ್ತವೆ. ಸೊಪ್ಪನ್ನು ತೊಳೆದು ಒದ್ದೆಯಾಗಿಯೇ ಕೊಡಿ. ಸಿರಿಂಜಿನಲ್ಲಿ ತಿನ್ನಿಸುವುದಾದರೆ ಕರುಳಲ್ಲಿ ಏನೂ ಅಡ್ಡ ಸಿಕ್ಕಿಲ್ಲ ಅಂತ ಡಾಕ್ಟರನ್ನು ಕೇಳಿಕೊಂಡು ಶುರು ಮಾಡಿ. ಬಾಯಿಯ ಪಕ್ಕದಿಂದ, ಸ್ವಲ್ಪ ಸ್ವಲ್ಪವೇ. ನುಂಗಿದ್ದು ಕಂಡ ಮೇಲೆ ಮುಂದಿನ ತುತ್ತು. ಅಂಗಾತ ಮಲಗಿಸಿ ಕೊಡಲೇಬೇಡಿ.

ಮೊಲಗಳನ್ನು ನೋಡಿ ಗೊತ್ತಿರುವ ಡಾಕ್ಟರೇ ಔಷಧಿ ಬರೆಯಲಿ. ಬೇರೆ ಪ್ರಾಣಿಗೆ ನಡೆಯುವ ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯೋಟಿಕ್ ಬಾಯಿಂದ ಕೊಟ್ಟರೆ ಮೊಲದ ಪ್ರಾಣಕ್ಕೇ ಕುತ್ತು. ನೋವಿನ ಔಷಧಿಯೂ ಅಷ್ಟೇ, ಕಿಡ್ನಿ ನೋಡಿಕೊಂಡೇ ಕೊಡಬೇಕು.

ನರಳಿಸುತ್ತಿದ್ದೇನಾ ಅಂತ ಕೇಳಿದಿರಲ್ವಾ? ಆ ಪ್ರಶ್ನೆ ನನ್ನನ್ನೂ ಮಲಗಲು ಬಿಡುತ್ತಿರಲಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದೆ. ತಾನೇ ತಿಂದು, ಕರೆದರೆ ಕಿವಿ ತಿರುಗಿಸಿ, ನನ್ನ ಮಣಿಕಟ್ಟು ನೆಕ್ಕಿದ ದಿನ ಒಳ್ಳೆಯ ದಿನ. ಮುದುರಿ ಕೂತು ಹಲ್ಲು ಕಡಿದ ದಿನ ಕೆಟ್ಟದ್ದು. ಒಂದು ವಾರದಲ್ಲಿ 5 ಕೆಟ್ಟ ದಿನ ಆದಾಗ ದಯಾಮರಣದ ಇಂಜೆಕ್ಷನ್‌ಗೆ ಒಪ್ಪಿದೆ. ಆಗ ಮುತ್ತು ನನ್ನ ತೊಡೆಯ ಮೇಲೇ ಇತ್ತು. ಎರಡು ದಿನ ಮುಂಚೆಯೇ ಒಪ್ಪಬೇಕಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಇನ್ನೊಂದು ಉತ್ತರ: ಜೊತೆಗೆ ಇನ್ನೊಂದು ಮೊಲ ಇದೆಯಾ? ಇದ್ದರೆ ಆಸ್ಪತ್ರೆಗೂ ಎರಡನ್ನೂ ಕರೆದುಕೊಂಡು ಹೋಗಿ, ಕಾಯಿಲೆಯದಕ್ಕೆ ಧೈರ್ಯ ಇರುತ್ತದೆ. ನಮ್ಮದು ತೀರಿಕೊಂಡಾಗ ಜೊತೆಗಾರನನ್ನು ಪಕ್ಕದಲ್ಲೇ ಬಿಟ್ಟೆವು. ಮೂತಿಯಿಂದ ತಳ್ಳಿ ನೋಡಿತು, ಕಿವಿ ನೆಕ್ಕಿತು, ತುಂಬಾ ಹೊತ್ತು ಒರಗಿಕೊಂಡು ಕೂತಿತ್ತು. ಆಮೇಲೆ ತಾನಾಗಿಯೇ ಎದ್ದು ಹುಲ್ಲಿನ ಹತ್ತಿರ ಹೋಯಿತು.