ಹರಾಜು ಲೀಗಿನ ಮಧ್ಯೆ ಟ್ರೇಡಿಗೆ ಅವಕಾಶ ಕೊಟ್ಟರೆ ಪಾಯಿಂಟ್ಸ್ ಲೆಕ್ಕ ಕೂಡುತ್ತಾ?

ಕೋಟೆ ಎಂಡ್, ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ 8 ತಂಡಗಳ ಟೆನಿಸ್ ಬಾಲ್ ಕ್ರಿಕೆಟ್ ಲೀಗಿಗೆ ಈ ಸಲ ಟ್ರೇಡ್ ವಿಂಡೋ, ಅಂದ್ರೆ ಲೀಗಿನ ಮಧ್ಯೆ ತಂಡಗಳು ಆಟಗಾರರನ್ನ ಅದಲು ಬದಲು ಮಾಡಿಕೊಳ್ಳೋ ಅವಧಿ, ಸೇರಿಸೋ ಯೋಚನೆ ಇದೆ. ಈಗಿರೋ ರೂಲು: ಹರಾಜಿನಲ್ಲಿ ಆಟಗಾರರನ್ನ ಕೊಳ್ಳೋಕೆ ತಂಡಕ್ಕೆ 10,000 ಪಾಯಿಂಟ್ಸ್ ಪರ್ಸ್, 15 ಆಟಗಾರರು, ಬೇಸ್ ಪ್ರೈಸ್ (ಬಿಡ್ ಶುರುವಾಗೋ ಕನಿಷ್ಠ ಬೆಲೆ) 200. ಜಿಲ್ಲೆಯ ಹೊರಗಿನವರು 3 ಜನ ಮಾತ್ರ. ಲೀಗ್ ಹಂತದಲ್ಲಿ ಪ್ರತಿ ತಂಡಕ್ಕೆ 7 ಮ್ಯಾಚ್, 8 ಓವರಿನ ಆಟ, ಒಬ್ಬ ಬೌಲರಿಗೆ ಹೆಚ್ಚೆಂದರೆ 2 ಓವರ್.

ರೂಲು ಬರೆಯೋ ಮುಂಚೆ ಒಂದು ಕಾಲ್ಪನಿಕ ಟ್ರೇಡ್ ಇಡ್ತೀನಿ, ಎಲ್ಲೆಲ್ಲಿ ತಪ್ಪಿದೆ ನೋಡಿ. ಎ ತಂಡ 4,200ರ ಆಲ್‌ರೌಂಡರನ್ನ ಕೊಡುತ್ತೆ, ಆತ ರಾಯಚೂರಿನವನು. ಎ ಹತ್ತಿರ ಉಳಿದಿರೋ ಪಾಯಿಂಟ್ಸ್ 300. ಬಿ ತಂಡ ಅದಕ್ಕೆ ಬದಲು ಗಂಗಾವತಿಯ ಬೌಲರ್ (2,600) ಮತ್ತು ಒಬ್ಬ ಓಪನರ್ (1,400), ಹೀಗೆ ಇಬ್ಬರನ್ನ ಕೊಡುತ್ತೆ. ಬಿ ಹತ್ತಿರ ಉಳಿದಿರೋದು 150. ಎರಡೂ ತಂಡದಲ್ಲಿ 15 ಜನ ತುಂಬಿದಾರೆ, ಹೊರಗಿನವರ ಕೋಟಾನೂ ತುಂಬಿದೆ. ಇದಕ್ಕೆ ಕಮಿಟಿ ಒಪ್ಪಬಹುದಾ? ಲಾಭ ಯಾರಿಗೆ?

ರಾಯಚೂರು ಸ್ಕೋರರ್:

ಹಿಂಗೇ ಬಿಟ್ರ ಒಪ್ಪಾಕ ಬರಂಗಿಲ್ಲ ಅಣ್ಣಾ. ಮೊದಲು ಲೆಕ್ಕ ನೋಡ್ರಿ.

ಎ ತಂಡ 4,200 ಕೊಟ್ಟು 4,000 ತಗೊಳ್ತದ, ಕೈಯಾಗ 500 ಆಗ್ತದ. ಆದ್ರ ಮಂದಿ 16 ಆದ್ರು, ಒಬ್ಬನ್ನ ಬಿಡಬೇಕು. ಬಿ ತಂಡಕ್ಕ 200 ಹೆಚ್ಚಿಗಿ ಬೇಕು, ಇರೋದು 150. ಅಲ್ಲೇ 50 ಕಮ್ಮಿ ಬಿತ್ತು. ಮ್ಯಾಲೆ ಬಿ ತಂಡದಾಗ 14 ಮಂದಿ ಉಳಿದ್ರು, 15ನೇದವನ್ನ ಬೇಸ್ ಪ್ರೈಸಿಗೆ ತಗೊಳ್ಳಾಕ ಇನ್ನೊಂದು 200 ಬೇಕು. ಒಟ್ಟು ಕೊರತೆ 250. ಬರೇ 50 ಅಂತ ತಿಳ್ಕೊಂಡು ಸಹಿ ಹಾಕಿದ್ರ ಆಮ್ಯಾಲೆ ಖಾಲಿ ಜಾಗ ತುಂಬಾಕ ಆಗಂಗಿಲ್ಲ.

ಹರಾಜಿನ್ಯಾಗ ಗರಿಷ್ಠ ಬಿಡ್ ಹೆಂಗ ತೆಗಿತೀವಿ? ಉಳಿದ ಪಾಯಿಂಟ್ಸಿನ್ಯಾಗ, ತುಂಬಬೇಕಾದ ಜಾಗಕ್ಕ ಒಂದು ಕಮ್ಮಿ ಮಾಡಿ ಬೇಸ್ ಪ್ರೈಸಿಂದ ಗುಣಿಸಿ ಕಳೀತೀವಿ. ಮೊದಲನೇ ಬಿಡ್ಡಿಗೆ 10,000 − (14 × 200) = 7,200. ಟ್ರೇಡಿಗೂ ಇದೇ ಮಾತು ಬರೀರಿ: ಟ್ರೇಡ್ ಆದ ಮ್ಯಾಲೆ ಉಳಿಯೋ ಪಾಯಿಂಟ್ಸು, ಖಾಲಿ ಜಾಗ × 200ಕ್ಕಿಂತ ಕಮ್ಮಿ ಇರಬಾರದು.

ಇನ್ನೊಂದು, ಆ 1,400ರ ಓಪನರ್ ಯಾವ ಊರವ? ಅವನೂ ಹೊರಗಿನವ ಆಗಿದ್ರ ಎ ತಂಡ ಒಬ್ಬ ಹೊರಗಿನವನ್ನ ಕೊಟ್ಟು ಇಬ್ಬರನ್ನ ತಗೊಂಡಂಗ ಆಗ್ತದ, ಕೋಟಾ 4 ಆಗ್ತದ. ಪಾಯಿಂಟ್ಸ್ ಕೂಡಿದ್ರೂ ಟ್ರೇಡ್ ರದ್ದು.

ತೋರಣಗಲ್ಲು ಟ್ರೇಡ್ ಡೆಸ್ಕ್:

ಸ್ಕೋರರ್ ಹೇಳಿದ 250ರ ಕೊರತೆ ತುಂಬೋಕೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಒಂದು ಉಪಾಯ ಇದೆ. ಅಲ್ಲಿರೋದು ಬಿಗಿ ಸಂಬಳ ಮಿತಿ, ಅಂದ್ರೆ ತಂಡ ಎಲ್ಲ ಆಟಗಾರರ ಸಂಬಳಕ್ಕೆ ಒಟ್ಟು ಅಷ್ಟೇ ಖರ್ಚು ಮಾಡಬಹುದು. 2005-06ರಲ್ಲಿ 39 ಮಿಲಿಯನ್ ಡಾಲರಿಗೆ ಶುರುವಾಗಿ 2025-26ಕ್ಕೆ 95.5 ಮಿಲಿಯನ್ ಆಗಿದೆ. ಆಟಗಾರನನ್ನ ಕೊಡೋ ತಂಡ ಅವನ ಸಂಬಳದ ಒಂದು ಪಾಲನ್ನ ತನ್ನ ಲೆಕ್ಕದಲ್ಲೇ ಇಟ್ಟುಕೊಳ್ಳಬಹುದು. ಮಿತಿ 50%. ಒಂದು ತಂಡ ಒಂದೇ ಹೊತ್ತಿಗೆ ಇಂಥ 3 ಕಾಂಟ್ರಾಕ್ಟ್ ಮಾತ್ರ ಹೊರಬಹುದು.

ನಿಮ್ಮ ಉದಾಹರಣೆಗೆ ಇದನ್ನ ಹಾಕೋಣ. ಎ ತಂಡ 4,200ರ 10%, ಅಂದ್ರೆ 420 ತನ್ನ ಖಾತೆಯಲ್ಲಿ ಉಳಿಸಿಕೊಳ್ಳುತ್ತೆ. ಬಿ ಖಾತೆಗೆ ಹೋಗೋದು 3,780. ಬಿ ಉಳಿಕೆ 150 + 4,000 − 3,780 = 370. ಅದರಲ್ಲಿ 200 ಕೊಟ್ಟು 15ನೇ ಆಟಗಾರನನ್ನ ತಗೊಂಡ್ರೂ 170 ಉಳಿಯುತ್ತೆ. ಎ ಉಳಿಕೆ 80. ಉಳಿಸಿಕೊಳ್ಳೋ ಮೊತ್ತ 250ಕ್ಕಿಂತ ಕಡಿಮೆ ಆದ್ರೆ ಬಿ ಮುಳುಗುತ್ತೆ, 500 ದಾಟಿದ್ರೆ ಎ ಮುಳುಗುತ್ತೆ. ನಿಮ್ಮ ಲೀಗಿಗೆ ಗರಿಷ್ಠ 20%, ತಂಡಕ್ಕೆ ಒಬ್ಬನ ಮೇಲೆ ಮಾತ್ರ ಅಂತ ಇಡಿ, ಸಾಕು.

ಆದರೆ ಎನ್‌ಎಚ್‌ಎಲ್‌ನ ಒಂದು ಪದ್ಧತಿ ಮಾತ್ರ ತರಬೇಡಿ. ಅಲ್ಲಿ ಸಂಬಳದ ಲೆಕ್ಕ ದಿನದ ಮೇಲೆ ನಡೆಯುತ್ತೆ. ಸೀಸನ್ ಮುಗಿಯೋಕೆ ಬಂದಾಗ ದೊಡ್ಡ ಆಟಗಾರನನ್ನ ತಂದ್ರೆ ಉಳಿದ ದಿನಗಳ ಸಂಬಳ ಮಾತ್ರ ಮಿತಿಗೆ ಬೀಳುತ್ತೆ. ಇದನ್ನ ಮ್ಯಾಚ್ ಲೆಕ್ಕಕ್ಕೆ ಇಳಿಸಿದ್ರೆ 4,200ರ ಆಟಗಾರ ಮ್ಯಾಚಿಗೆ 600. 4 ಮ್ಯಾಚ್ ಆದ ಮೇಲೆ 1,800ಕ್ಕೆ ಸಿಕ್ತಾನೆ. ಹರಾಜಿನಲ್ಲಿ ಕೈಕಟ್ಟಿ ಕೂತು ಪಾಯಿಂಟ್ಸ್ ಉಳಿಸಿದ ತಂಡ ಕೊನೆಗೆ ಇಬ್ಬರು ಸ್ಟಾರ್‌ಗಳನ್ನ ಎತ್ತಿಕೊಂಡು ಹೋಗುತ್ತೆ. 80ಕ್ಕೂ ಹೆಚ್ಚು ಮ್ಯಾಚಿನ ಸೀಸನ್ನಿಗೆ ಅದು ಸರಿ, 7 ಮ್ಯಾಚಿನ ಲೀಗಿಗೆ ಅಲ್ಲ. ಯಾವಾಗ ಬಂದ್ರೂ ಪೂರ್ತಿ ಬೆಲೆ.

ಬೆಲೆ ಬದಲಾಯಿಸೋಕೂ ಬಿಡಬೇಡಿ. ಐಪಿಎಲ್‌ನಲ್ಲಿ ಅದಕ್ಕೆ ಅವಕಾಶ ಇದೆ: 2025ರ ನವೆಂಬರಿನಲ್ಲಿ ಸಂಜು ಸ್ಯಾಮ್ಸನ್ 18 ಕೋಟಿಗೇ ಚೆನ್ನೈಗೆ ಬಂದರು, ಜಡೇಜಾ 18ರಿಂದ 14 ಕೋಟಿಗೆ ಇಳಿದು ರಾಜಸ್ಥಾನಕ್ಕೆ ಹೋದರು. ಅಲ್ಲಿ ಸಂಬಳ ಅನ್ನೋದು ಆಟಗಾರನ ಕೈಗೆ ಬರೋ ದುಡ್ಡು, ಕಡಿಮೆ ಆದ್ರೆ ಅವನೇ ಕೇಳ್ತಾನೆ. ಪಾಯಿಂಟ್ಸ್ ಯಾರ ಕೈಗೂ ಬರಲ್ಲ. 4,200ರವನನ್ನ 2,000 ಅಂತ ಬರೆದುಕೊಂಡ್ರೆ ತಡೆಯೋರು ಯಾರು? ಹರಾಜಿನಲ್ಲಿ ಸುತ್ತಿಗೆ ಬಿದ್ದ ಬೆಲೆಯೇ ಕೊನೆವರೆಗೂ ಇರಲಿ.

ಗಂಗಾವತಿ ಗೂಗ್ಲಿ:

ಪಾಲು ಉಳಿಸ್ಕೊಳ್ಳೋ ರೂಲು ಮೊದಲ ವರ್ಷಕ್ಕ ಭಾರ ಆಗತೈತಿ ಅಣ್ಣಾರ. ಓನರುಗಳಿಗೆ ತಿಳಿಸೋದ್ರೊಳಗ ವಿಂಡೋ ಮುಗೀತೈತಿ. ಅದಿಲ್ದ ಕೂಡಸಾಕ ಬರತೈತಿ ನೋಡ್ರಿ. ಮೂರಕ್ಕ ಮೂರು ಮಾಡ್ರಿ. ಎ ತಂಡ ಆಲ್‌ರೌಂಡರ್ ಜೊತಿ 200ರವರು ಇಬ್ಬರನ್ನ ಕೊಡ್ಲಿ, ಒಟ್ಟು 4,600. ಬಿ ತಂಡ ಬೌಲರ್, ಓಪನರ್, ಮ್ಯಾಲೊಬ್ಬ 500ರವನ್ನ ಕೊಡ್ಲಿ, ಒಟ್ಟು 4,500. ಬಿ ಕೈಯಾಗ 50 ಉಳೀತೈತಿ, ಎ ಕೈಯಾಗ 400. ಎರಡೂ ಕಡೆ 15 ಮಂದಿ, ಯಾರನ್ನೂ ಮನಿಗೆ ಕಳಸೋದು ಇಲ್ಲ.

ಇನ್ನ ಲಾಭ ಯಾರಿಗೆ ಅಂದ್ರ, ನನ್ನ ಪ್ರಕಾರ ಎ ತಂಡಕ್ಕ. 8 ಓವರಿನ ಮ್ಯಾಚಿನ್ಯಾಗ ಆಲ್‌ರೌಂಡರ್ ಹಾಕೋದು 2 ಓವರ್ ಅಷ್ಟೇ, ಗಂಗಾವತಿ ಬೌಲರೂ 2 ಓವರ್. ಬೌಲಿಂಗ್ ಸಮ ಆತು. ಬ್ಯಾಟಿಂಗಿಗೆ ಓಪನರ್ ಬಂದ. ಆದ್ರ ಒಂದು ಮಾತು ಮರೀಬ್ಯಾಡ್ರಿ: ಇಬ್ಬರು ಬಂದ್ರ ಹನ್ನೊಂದರಾಗಿಂದ ಇನ್ನೊಬ್ಬ ಹೊರಗ ಕುಂದ್ರಬೇಕು. ಹೊರಗ ಕುಂದ್ರೋನು ಗಟ್ಟಿ ಆಟಗಾರ ಇದ್ರ ಎರಡನೇದವ ಬಂದು ಏನೂ ಉಪಯೋಗ ಇಲ್ಲ. ಎ ತಂಡದ 11ನೇದವ 200ರವ ಇದ್ರ ಕಣ್ಣು ಮುಚ್ಚಿ ಮಾಡ್ಲಿ.

ತೋರಣಗಲ್ಲು ಟ್ರೇಡ್ ಡೆಸ್ಕ್:

ಮೂರಕ್ಕೆ ಮೂರು ಲೆಕ್ಕ ನನ್ನದಕ್ಕಿಂತ ಸ್ವಚ್ಛ, ಒಪ್ಪಿದೆ. ಆದರೆ ಲಾಭದ ಮಾತು ಒಪ್ಪಲ್ಲ. ಆಲ್‌ರೌಂಡರ್ ಒಬ್ಬನೇ ಎರಡು ಕೆಲಸ ಮಾಡೋದರಿಂದ ಬಿ ತಂಡಕ್ಕೆ ಹನ್ನೊಂದರಲ್ಲಿ ಒಂದು ಜಾಗ ಖಾಲಿಯಾಗುತ್ತೆ. ಅಲ್ಲಿ ಕೂರಿಸೋಕೆ ಒಳ್ಳೆ ಹುಡುಗ ಬೆಂಚಿನಲ್ಲಿ ಇದ್ದರೆ ಬಿ ಗೆದ್ದಂಗೆ.

ಬಿ ತಂಡಕ್ಕೆ ನಿಜವಾದ ಅಪಾಯ ಬೇರೆ: ಪರ್ಸಿನ 42% ಒಬ್ಬನ ಮೇಲೆ. ಎನ್‌ಎಚ್‌ಎಲ್‌ನಲ್ಲಿ ಒಬ್ಬನಿಗೆ ಮಿತಿಯ 20% ದಾಟಿ ಕೊಡೋ ಹಾಗಿಲ್ಲ. 2024ರ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್‌ಗೆ ಸೂರ್ಮಾ ತಂಡ ಕೊಟ್ಟ 78 ಲಕ್ಷವೇ ಅತಿ ಹೆಚ್ಚು, ಅದೂ 4 ಕೋಟಿ ಪರ್ಸಿನಲ್ಲಿ 19.5%. ಪ್ರೊ ಕಬಡ್ಡಿ 9ನೇ ಸೀಸನ್ನಿನಲ್ಲಿ ತಮಿಳ್ ತಲೈವಾಸ್ ಪವನ್ ಸೆಹ್ರಾವತ್‌ಗೆ 2.26 ಕೋಟಿ ಹಾಕಿತು, ಪರ್ಸಿನ ಸುಮಾರು ಅರ್ಧ. ಮೊದಲ ಮ್ಯಾಚಿನಲ್ಲೇ ಮೊಣಕಾಲು ಹೋಗಿ ಇಡೀ ಸೀಸನ್ ಮುಗೀತು. ನರೇಂದರ್ ಅನ್ನೋ ಹೊಸ ರೈಡರ್ ಎದ್ದು ನಿಂತಿದ್ದಕ್ಕೆ ತಂಡ ಸೆಮಿಫೈನಲ್ ಮುಟ್ಟಿತು. ಮುಂದಿನ ಹರಾಜಿನಿಂದ ಒಬ್ಬನಿಗೆ 3,500 ಮೇಲ್ಮಿತಿ ಇಡಿ.

ಕೋಟೆ ಎಂಡ್, ಬಳ್ಳಾರಿ:

ಮೂವರಿಗೂ ಧನ್ಯವಾದ. ಓಪನರ್ ಬಳ್ಳಾರಿಯವನೇ ಅಂತ ಇಟ್ಟುಕೊಳ್ಳಿ, ಕೋಟಾ ತೊಂದರೆ ಇಲ್ಲ. ಇನ್ನೆರಡು ಸಂಶಯ. ಗಾಯ ಆದವನ ಬದಲಿಗೆ ಬೇರೆಯವನನ್ನ ತಂದ್ರೆ ಪಾಯಿಂಟ್ಸ್ ಹೇಗೆ? ವಿಂಡೋ ಯಾವಾಗ ಮುಚ್ಚಬೇಕು?

ತೋರಣಗಲ್ಲು ಟ್ರೇಡ್ ಡೆಸ್ಕ್:

ಗಾಯದ ರೂಲು ಸಡಿಲ ಬಿಟ್ರೆ ಪರ್ಸ್ ಮಿತಿಗೆ ಅರ್ಥವೇ ಇರಲ್ಲ. 2020-21ರಲ್ಲಿ ಅದೇ ಐಸ್ ಹಾಕಿ ಲೀಗಿನ ಟ್ಯಾಂಪಾ ಬೇ ತಂಡದ ನಿಕಿತಾ ಕುಚೆರೊವ್ ಲೀಗ್ ಹಂತ ಪೂರ್ತಿ ಗಾಯದ ಪಟ್ಟಿಯಲ್ಲಿದ್ದರು. ಆ ಜಾಗದಲ್ಲಿ ತಂಡ ಸಂಬಳ ಮಿತಿ ದಾಟಿ ಬೇರೆಯವರಿಗೆ ಖರ್ಚು ಮಾಡಿತು. ಪ್ಲೇಆಫ್‌ಗೆ ಮಿತಿ ಇರಲಿಲ್ಲ, ಮೊದಲ ಮ್ಯಾಚಿಗೇ ಅವರು ವಾಪಸ್ ಬಂದರು, ಕಪ್ಪೂ ಗೆದ್ದರು. ರೂಲಿನ ಪ್ರಕಾರ ಅದು ತಪ್ಪಲ್ಲ. ರೂಲಿನಲ್ಲೇ ತೂತು ಇತ್ತು. 2025-26ರಿಂದ ಪ್ಲೇಆಫ್‌ಗೂ ಮಿತಿ ತಂದಿದಾರೆ.

ಹಾಗಾಗಿ ಮೂರು ಮಾತು ಬರೆಯಿರಿ. ಡಾಕ್ಟರ್ ಚೀಟಿ ಬೇಕು. ಹೊರಗೆ ಹೋದವನು ಫೈನಲ್‌ವರೆಗೂ ವಾಪಸ್ ಬರೋ ಹಾಗಿಲ್ಲ. ಬದಲಿ ಆಟಗಾರ ಅನ್‌ಸೋಲ್ಡ್ ಪಟ್ಟಿಯಿಂದಲೇ ಬರಬೇಕು.

ರಾಯಚೂರು ಸ್ಕೋರರ್:

ವಿಂಡೋ 3ನೇ ಮ್ಯಾಚ್ ಆದ ಮ್ಯಾಲೆ ತೆಗೀರಿ, 4ನೇದಕ್ಕ ಮೊದಲು ಮುಚ್ಚರಿ. ತಡ ಮಾಡಿದ್ರ ಹೊರಬಿದ್ದ ತಂಡ ತನ್ನ ಸ್ಟಾರನ್ನ ದೋಸ್ತನ ತಂಡಕ್ಕ ದಾಟಸ್ತದ. ರೊಕ್ಕಕ್ಕ ಆಟಗಾರನ್ನ ಕೊಡೋದು ಪೂರಾ ಬಂದ್ ಮಾಡ್ರಿ. ಐಕಾನ್ ಆಟಗಾರನ್ನ (ತಂಡದ ಮುಖ್ಯ ಆಟಗಾರ) ಟ್ರೇಡಿಗೆ ಇಡಬ್ಯಾಡ್ರಿ.

ಆಟಗಾರನ ಒಪ್ಪಿಗಿ ಅವನ ನಂಬರಿಂದಲೇ ಕಮಿಟಿ ವಾಟ್ಸಾಪಿಗೆ ಬರ್ಲಿ, ಓನರ್ ಹೇಳಿದ್ರ ನಡೆಯಂಗಿಲ್ಲ. ಎಕ್ಸೆಲ್ ಶೀಟಿನ್ಯಾಗ ತಂಡಕ್ಕ ನಾಲ್ಕು ಕಾಲಂ ಸಾಕು: ಉಳಿದ ಪಾಯಿಂಟ್ಸು, ಮಂದಿ, ಹೊರಗಿನವರು, ಖಾಲಿ ಜಾಗ × 200. ಟ್ರೇಡ್ ಹಾಕಿದ ಮ್ಯಾಲೆ ಎರಡೂ ತಂಡದ ಸಾಲು ನೋಡ್ರಿ. ಮೊದಲನೇ ಕಾಲಂ ನಾಲ್ಕನೇದಕ್ಕಿಂತ ಕಮ್ಮಿ ಬಂದ್ರ, ಇಲ್ಲಾ ಹೊರಗಿನವರು 3 ದಾಟಿದ್ರ, ಅಲ್ಲೇ ವಾಪಸ್ ಕಳಸ್ರಿ. ಶೀಟ್ ಎಂಟೂ ಕ್ಯಾಪ್ಟನ್‌ಗಳಿಗೆ ಕಾಣೋಹಂಗ ಗ್ರೂಪಿನ್ಯಾಗ ಹಾಕ್ರಿ, ತಿದ್ದೋ ಹಕ್ಕು ಒಬ್ಬರಿಗೇ ಇರ್ಲಿ.