ಸ್ಪ್ಯಾನಿಷ್ ಮನೆಮಾತಿನ ಮಗು ತಪ್ಪಿಲ್ಲದೆ, ಆದರೆ ತೀರ ನಿಧಾನವಾಗಿ ಓದಿದರೆ ಅದು ಡಿಸ್ಲೆಕ್ಸಿಯಾ (ಓದು-ಬರಹದ ಕಲಿಕೆಯಲ್ಲಿನ ತೊಡಕು) ಇರಬಹುದೇ?

ಪ್ರಶ್ನೆ (ಟೆಕ್ಸಾಸ್‌ನಿಂದ ಒಬ್ಬ ಸ್ವಯಂಸೇವಕಿ):
ನಮಸ್ಕಾರ. ಇಲ್ಲಿನ ಒಂದು ಪ್ರಾಥಮಿಕ ಶಾಲೆಯ ದ್ವಿಭಾಷಾ ತರಗತಿಯಲ್ಲಿ ವಾರಕ್ಕೆ ಎರಡು ದಿನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತೇನೆ. ಎರಡನೆಯ ತರಗತಿಯ ಒಬ್ಬ ಹುಡುಗನ ಮನೆಮಾತು ಸ್ಪ್ಯಾನಿಷ್. ಮಾತಿನಲ್ಲಿ ಬಹಳ ಚುರುಕು; ಕೇಳಿದ ಕತೆಯನ್ನು ಒಂದು ಎಳೆಯೂ ಬಿಡದೆ ತಿರುಗಿ ಹೇಳುತ್ತಾನೆ. ಪುಸ್ತಕ ತೆರೆದರೆ ಮಾತ್ರ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಾನೆ, ಸಾಲಿನ ಕೊನೆಗೆ ಬರುವ ಹೊತ್ತಿಗೆ ಮೊದಲು ಓದಿದ್ದು ಮರೆತುಹೋಗಿರುತ್ತದೆ. ಸ್ಪ್ಯಾನಿಷ್ ಓದಿನಲ್ಲಿ ತಪ್ಪು ಕಡಿಮೆ. ಆದರೆ ಕಳೆದ ವಾರ ತಟ್ಟೆಯ ಚಿತ್ರದ ಕೆಳಗೆ 'ಪ್ಲಾತೊ' ಎಂದು ಬರೆಯಬೇಕಾದಲ್ಲಿ 'ಪಾತೊ' ಎಂದು ಬರೆದ. ಅದು ಬಾತುಕೋಳಿಯ ಹೆಸರು. ಬರೆದದ್ದನ್ನು ಓದೆಂದಾಗಲೂ 'ಪ್ಲಾತೊ' ಎಂದೇ ಓದಿದ, ಬಿಟ್ಟುಹೋದ ಅಕ್ಷರ ಅವನ ಕಣ್ಣಿಗೆ ಬೀಳಲೇ ಇಲ್ಲ. ಎರಡು ಭಾಷೆಗಳಿಂದಾದ ಗೊಂದಲವಿದು, ಇಂಗ್ಲಿಷ್ ಬಲಿತ ಮೇಲೆ ಪರೀಕ್ಷಿಸೋಣ ಎಂದು ಶಾಲೆಯವರು ಹೇಳಿದ್ದಾರಂತೆ. ಮನೆಯಲ್ಲಿ ಸ್ಪ್ಯಾನಿಷ್ ನಿಲ್ಲಿಸಬೇಕೇ ಎಂದು ತಾಯಿ ನನ್ನನ್ನು ಕೇಳಿದಾಗ ಉತ್ತರಿಸಲಾಗಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ವಿಶೇಷ ಶಿಕ್ಷಕಿ):
ದಯವಿಟ್ಟು ಕಾಯಬೇಡಿ, ಸ್ಪ್ಯಾನಿಷ್ ಅನ್ನೂ ನಿಲ್ಲಿಸಬೇಡಿ. ಸ್ಪ್ಯಾನಿಷ್‌ನಲ್ಲಿ ಐದೇ ಸ್ವರಾಕ್ಷರಗಳು, ಒಂದೊಂದಕ್ಕೂ ಬಹುಮಟ್ಟಿಗೆ ಒಂದೇ ಉಚ್ಚಾರ. ಬರೆದದ್ದನ್ನು ಕಂಡ ಹಾಗೆ ಓದಿದರೆ ಸಾಕು. ಯುರೋಪಿನ ಹಲವು ಭಾಷೆಗಳ ಮಕ್ಕಳನ್ನು ಹೋಲಿಸಿ ಸೀಮೋರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದನೆಯ ತರಗತಿಯ ಕೊನೆಗೆ ಸ್ಪ್ಯಾನಿಷ್ ಮಕ್ಕಳು ಪರಿಚಿತ ಪದಗಳಲ್ಲಿ ಶೇ. 95ರಷ್ಟನ್ನು ಸರಿಯಾಗಿ ಓದಿದರೆ, ಇಂಗ್ಲಿಷ್ ಕಲಿಯುತ್ತಿದ್ದ ಮಕ್ಕಳು ಓದಿದ್ದು ಸುಮಾರು ಶೇ. 34ರಷ್ಟನ್ನು. ಆದ್ದರಿಂದ ಇಂಗ್ಲಿಷ್‌ನಲ್ಲಿ ತಪ್ಪುಗಳ ರಾಶಿಯಾಗಿ ಕಾಣಿಸುವ ಡಿಸ್ಲೆಕ್ಸಿಯಾ ಸ್ಪ್ಯಾನಿಷ್‌ನಲ್ಲಿ ನಿಧಾನದ, ಶ್ರಮದ ಓದಾಗಿ, ಜೊತೆಗೆ ಕಾಗುಣಿತದ ತೊಡಕಾಗಿ ಕಾಣಿಸುತ್ತದೆ. ತಪ್ಪುಗಳನ್ನಷ್ಟೇ ಎಣಿಸುವವರಿಗೆ ಇಂಥ ಮಗು ಸಿಕ್ಕುವುದೇ ಇಲ್ಲ, ಈ ಮಾತು ನನ್ನನ್ನು ಬಹಳ ಕಾಡುತ್ತದೆ.

ಅವನ ಬರಹದ ಪುಟಗಳನ್ನು ಜೋಪಾನವಾಗಿಡಿ. ಸ್ಪ್ಯಾನಿಷ್‌ನಲ್ಲಿ 'ಬಿ' ಮತ್ತು 'ವಿ' ಅಕ್ಷರಗಳಿಗೆ ಒಂದೇ ಧ್ವನಿ, 'ಎಚ್' ಅಕ್ಷರಕ್ಕೆ ಧ್ವನಿಯೇ ಇಲ್ಲ. ಅವುಗಳಲ್ಲಿ ಎಲ್ಲ ಮಕ್ಕಳೂ ಎಡವುತ್ತಾರೆ. ಇಂಗ್ಲಿಷ್‌ನ 'ಹೀ' ಪದವನ್ನು 'ಜೆ' ಅಕ್ಷರದಿಂದ (ಸ್ಪ್ಯಾನಿಷ್‌ನಲ್ಲಿ ಅದಕ್ಕೆ 'ಹ'ದಂಥ ಧ್ವನಿ) ಆರಂಭಿಸಿದರೆ, 'ಸ್ಕೂಲ್' ಪದದ ಮುಂದೆ 'ಇ' ಸೇರಿಸಿದರೆ, ಅದು ಮನೆಮಾತಿನ ಕಿವಿ ಮಾಡಿದ ಕೆಲಸ, ಅದಕ್ಕೆ ಹೆದರಬೇಕಿಲ್ಲ. 'ಪ್ಲಾತೊ' ಪದದಲ್ಲಿ 'ಲ' ಬಿಟ್ಟುಹೋದದ್ದು ಬೇರೆ ಜಾತಿಯದು. ಕೂಡಿಕೊಂಡಿರುವ ಎರಡು ವ್ಯಂಜನಗಳನ್ನು ಬಿಡಿಸಿ ಕೇಳುವುದು ಕಷ್ಟವಾಗಿರುವುದರ ಸುಳಿವು ಅದರಲ್ಲಿರಬಹುದು. ಒಂದು ಸಲದ್ದನ್ನು ನೆಚ್ಚದೆ, ಅದು ಮತ್ತೆ ಮತ್ತೆ ಬರುತ್ತದೆಯೇ ನೋಡಿ.

ಉತ್ತರ 2 (ಕ್ಯಾಲಿಫೋರ್ನಿಯಾದ ಒಬ್ಬ ಪೋಷಕರು):
ಕಾನೂನಿನ ಒಂದು ಮಾತನ್ನು ಸೇರಿಸುತ್ತೇನೆ. ಅಮೆರಿಕದ ವಿಶೇಷ ಶಿಕ್ಷಣದ ಕೇಂದ್ರ ಕಾನೂನಾದ ಐಡಿಇಎ ಪ್ರಕಾರ, ಇಂಗ್ಲಿಷ್ ಸಾಲದೆಂಬುದೇ ಮುಖ್ಯ ಕಾರಣವಾಗಿದ್ದರೆ ಮಗುವಿಗೆ ನ್ಯೂನತೆಯಿದೆ ಎಂದು ತೀರ್ಮಾನಿಸುವಂತಿಲ್ಲ. ಮಗುವನ್ನು ಕಾಪಾಡಲು ಇಟ್ಟ ಈ ನಿಯಮವನ್ನೇ ಕೆಲವರು 'ಇಂಗ್ಲಿಷ್ ಬರುವವರೆಗೆ ಪರೀಕ್ಷೆ ಬೇಡ' ಎಂದು ಓದಿಕೊಳ್ಳುತ್ತಾರೆ. ಅದೇ ಕಾನೂನಿನಡಿ, ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಪರೀಕ್ಷೆ ನಡೆಸಬೇಕು. ತಾಯಿ ಪರೀಕ್ಷೆಯ ಕೋರಿಕೆಯನ್ನು ದಿನಾಂಕ ಹಾಕಿ ಬರವಣಿಗೆಯಲ್ಲಿ ಕೊಡಲಿ, ಅದರ ಒಂದು ನಕಲನ್ನು ತಮ್ಮಲ್ಲಿಟ್ಟುಕೊಳ್ಳಲಿ.

ಉತ್ತರ 3 (ನಿವೃತ್ತ ಕನ್ನಡ ಶಿಕ್ಷಕರು):
ನಮ್ಮ ಲಿಪಿಯೂ ಉಚ್ಚಾರಕ್ಕೆ ನಿಷ್ಠವಾದದ್ದೇ. ಆದರೆ ಕಾಗುಣಿತ, ಒತ್ತಕ್ಷರ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಬೆಂಗಳೂರಿನಲ್ಲಿ ಈ ವಿಷಯವಾಗಿ ಕೆಲಸ ಮಾಡಿದ ಸೋನಾಲಿ ನಾಗ್ ಅವರ 2007ರ ಅಧ್ಯಯನ, ಕನ್ನಡದ ಮಕ್ಕಳಿಗೆ ಅಕ್ಷರಗಳು ಕೈಗೂಡಲು ಒಂದೆರಡು ವರ್ಷ ಸಾಲದು ಎಂಬುದನ್ನು ತೋರಿಸಿತು. ಹಾಗಾಗಿ ಎರಡನೆಯ ತರಗತಿಯಲ್ಲಿ ಕನ್ನಡವನ್ನು ನಿಧಾನವಾಗಿ ಓದುವ ಮಗುವನ್ನೂ ಸ್ಪ್ಯಾನಿಷ್ ಅನ್ನು ಅಷ್ಟೇ ನಿಧಾನವಾಗಿ ಓದುವ ಮಗುವನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಾರದು. ಈ ಹುಡುಗನನ್ನು ಇದೇ ರೀತಿಯ ತರಗತಿಯಲ್ಲಿ ಓದುವ, ಸ್ಪ್ಯಾನಿಷ್ ಮನೆಮಾತಿನ ಇತರ ಮಕ್ಕಳೊಡನೆ ಹೋಲಿಸಬೇಕು.

ತಾಯಿಗೆ ಇನ್ನೊಂದು ಮಾತು ತಿಳಿಸಿ. ದುರ್ಗುನೊಗ್ಲು ಮತ್ತು ಸಂಗಡಿಗರು 1993ರಲ್ಲಿ ಸ್ಪ್ಯಾನಿಷ್ ಮನೆಮಾತಿನ ಒಂದನೆಯ ತರಗತಿಯ ಮಕ್ಕಳನ್ನು ಪರಿಶೀಲಿಸಿದಾಗ, ಸ್ಪ್ಯಾನಿಷ್ ಪದಗಳ ಧ್ವನಿಗಳನ್ನು ಬಿಡಿಸಬಲ್ಲ ಮಕ್ಕಳು ಇಂಗ್ಲಿಷ್ ಪದಗಳನ್ನೂ ಚೆನ್ನಾಗಿ ಓದಬಲ್ಲವರಾಗಿದ್ದರು. ಮನೆಯಲ್ಲಿ ಅಮ್ಮ ಹೇಳುವ ಪ್ರಾಸ, ಒಗಟು, ಕತೆಗಳು ಇಂಗ್ಲಿಷ್ ಓದಿಗೂ ಆಸರೆಯೇ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಕೃತಜ್ಞತೆಗಳು. ಇಂದು ಸಂಜೆ ಹಳೆಯ ಹಾಳೆಗಳನ್ನೆಲ್ಲ ಹರಡಿಕೊಂಡು ನೋಡಿದೆ. ರೈಲಿಗೆ ಹೇಳುವ 'ತ್ರೇನ್' ಪದದಲ್ಲಿ 'ರ' ಎರಡು ಕಡೆ ಬಿಟ್ಟುಹೋಗಿದೆ. ಆಗ ಅವಸರದ ತಪ್ಪೆಂದು ನಾನೇ ತಿದ್ದಿ ಸುಮ್ಮನಾಗಿದ್ದೆ. ಸ್ಪ್ಯಾನಿಷ್ ನಿಲ್ಲಿಸಬೇಕಿಲ್ಲ ಎಂದು ತಾಯಿಗೆ ಫೋನಿನಲ್ಲಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಪರೀಕ್ಷೆಯ ಕೋರಿಕೆಯ ಪತ್ರವನ್ನು ಅವರು ಸ್ಪ್ಯಾನಿಷ್‌ನಲ್ಲಿ ಬರೆಯುತ್ತಾರೆ, ಜೊತೆಗೆ ಇಂಗ್ಲಿಷ್ ಪ್ರತಿಯನ್ನು ನಾನು ಸಿದ್ಧಪಡಿಸುತ್ತೇನೆ. ಈ ಹಾಳೆಗಳನ್ನೂ ಸೇರಿಸಿ ಮಂಗಳವಾರ ಇಬ್ಬರೂ ಒಟ್ಟಿಗೆ ಶಾಲೆಗೆ ಹೋಗಿ ಕೊಡುತ್ತೇವೆ.