ಕಿಟಕಿ ಬೆಳಕಿನ ಮುಖಚಿತ್ರದಲ್ಲಿ ನೆರಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ

ಕಿಟಕಿಯ ಪಕ್ಕ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದ ನನ್ನ ತಾಯಿಯ ಫೋಟೊವನ್ನು ಮೊನ್ನೆ ಮೊಬೈಲಿನಲ್ಲಿ ತೆಗೆದೆ. ಮುಖದ ಒಂದು ಪಾರ್ಶ್ವಕ್ಕೆ ಬೆಳಕು ಬಿದ್ದು ಕಣ್ಣಂಚಿನ ಸುಕ್ಕುಗಳು ಎದ್ದು ಕಾಣುತ್ತಿದ್ದವು, ಇನ್ನೊಂದು ಪಾರ್ಶ್ವ ಕತ್ತಲಲ್ಲಿ ಕರಗಿತ್ತು, ಹಿಂದಿನ ಗೋಡೆ ಇದ್ದೂ ಇಲ್ಲದಂತಿತ್ತು. ಆದರೆ ಫೋಟೊದಲ್ಲಿ ಆ ಗೋಡೆಯ ಮೇಲಿನ ಕ್ಯಾಲೆಂಡರಿನ ಅಂಕಿಗಳನ್ನೂ ಓದಬಹುದು! ನೆರಳಿನಲ್ಲಿದ್ದ ಕೆನ್ನೆಯೂ ಬೆಳಗಿದೆ, ಸುಕ್ಕುಗಳು ಮಾಸಿಹೋಗಿವೆ. ಚಿತ್ರ ಸ್ಪಷ್ಟವಾಗಿದೆ ನಿಜ, ಆದರೆ ನಾನು ಕಂಡದ್ದು ಅದಲ್ಲ. ನನ್ನ ಬಳಿ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಒಂದಿದೆ. ಅದನ್ನು ಇಂದಿಗೂ ಆಟೊ ಮೋಡ್‌ನಲ್ಲಿಯೇ ಬಳಸಿದ್ದೇನೆ. ಅದನ್ನು ಕೈಗೆತ್ತಿಕೊಂಡರೆ ಈ ತೊಂದರೆ ತಪ್ಪುತ್ತದೆಯೇ, ಅಥವಾ ಮೊಬೈಲಿನಲ್ಲಿಯೇ ದಾರಿಯಿದೆಯೇ?

ಉತ್ತರ 1

ಕ್ಯಾಮೆರಾ ಬದಲಿಸಿದ ಮಾತ್ರಕ್ಕೆ ತೊಂದರೆ ತಪ್ಪುವುದಿಲ್ಲ. ಇಂದಿನ ಮೊಬೈಲುಗಳು ನೀವು ಬಟನ್ ಒತ್ತಿದಾಗ ಒಂದಲ್ಲ, ಹಲವು ಚಿತ್ರಗಳನ್ನು ತೆಗೆದು, ಅವುಗಳನ್ನು ಒಂದರ ಮೇಲೊಂದು ಕೂಡಿಸಿ, ಕತ್ತಲಿರುವ ಭಾಗಗಳನ್ನು ಬೆಳಗಿಸಿ ಕೊಡುತ್ತವೆ. ಡಿಎಸ್‌ಎಲ್‌ಆರ್ ಹೀಗೆ ಕೂಡಿಸುವುದಿಲ್ಲವಾದರೂ ಅದರೊಳಗಿನ ಬೆಳಕು ಅಳೆಯುವ ಮೀಟರ್ ತಾನು ಕಂಡದ್ದನ್ನೆಲ್ಲ ಸರಾಸರಿ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕೋಣೆಯ ಹೆಚ್ಚಿನ ಭಾಗ ಕತ್ತಲಾಗಿದ್ದರೆ ಅದು ಎಕ್ಸ್‌ಪೋಷರ್ (ಚಿತ್ರಕ್ಕೆ ಒದಗುವ ಬೆಳಕಿನ ಪ್ರಮಾಣ) ಹೆಚ್ಚಿಸುತ್ತದೆ, ಬೆಳಕಿನಲ್ಲಿರುವ ಕೆನ್ನೆ ಬೆಳ್ಳಗೆ ಸುಟ್ಟಂತಾಗುತ್ತದೆ.

ಮೊಬೈಲಿನಲ್ಲಾದರೆ ಎಚ್‌ಡಿಆರ್ (ಹೀಗೆ ಚಿತ್ರಗಳನ್ನು ಕೂಡಿಸುವ ವಿಧಾನ) ಆಫ್ ಮಾಡುವ ಆಯ್ಕೆಯಿದ್ದರೆ ಆಫ್ ಮಾಡಿ, ಬೆಳಕು ಬಿದ್ದ ಕೆನ್ನೆಯ ಮೇಲೆ ಬೆರಳಿಟ್ಟು ಫೋಕಸ್ ಲಾಕ್ ಮಾಡಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ಡಿಎಸ್‌ಎಲ್‌ಆರ್‌ನಲ್ಲಿ ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ಭಾಗದ ಬೆಳಕನ್ನು ಮಾತ್ರ ಅಳೆಯುವ ವಿಧಾನ) ಇಟ್ಟುಕೊಂಡು ಅದೇ ಕೆನ್ನೆಯನ್ನು ಅಳೆಯಿರಿ. ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲಿನಲ್ಲಿ ತೆಗೆಯುವುದು ಇನ್ನೂ ಒಳ್ಳೆಯದು: ಸಾಮಾನ್ಯವಾಗಿ ಬಳಸುವ ಜೆಪೆಗ್ ಫೈಲಿನ ಪ್ರತಿ ಬಣ್ಣಕ್ಕೆ 256 ಹಂತಗಳಿದ್ದರೆ 14 ಬಿಟ್‌ನ ರಾ ಫೈಲಿನಲ್ಲಿ 16,384 ಹಂತಗಳಿರುತ್ತವೆ. ಆದ್ದರಿಂದ ನೆರಳು ಎಷ್ಟು ಗಾಢವಾಗಿರಬೇಕೆಂಬುದನ್ನು ಆಮೇಲೆ ನಿಧಾನವಾಗಿ ನಿರ್ಧರಿಸಬಹುದು. ಆದರೆ ಪೂರ್ತಿ ಬಿಳಿಯಾಗಿ ಹೋದ ಕೆನ್ನೆಯನ್ನು ಮಾತ್ರ ಯಾವ ಫೈಲೂ ಮರಳಿ ಕೊಡಲಾರದು.

ಇದೆಲ್ಲಕ್ಕಿಂತ ಮೊದಲು ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಸರಿಸಿ ನೋಡಿ. ಮುಖಕ್ಕೆ ಬೀಳುವ ಬೆಳಕು ಹೆಚ್ಚುತ್ತದೆ, ಗೋಡೆ ಇದ್ದಲ್ಲೇ ಇರುವುದರಿಂದ ಮುಖಕ್ಕೆ ಹೋಲಿಸಿದರೆ ಅದು ತಾನಾಗಿ ಕಪ್ಪಾಗುತ್ತದೆ.

ಉತ್ತರ 2

ಮೇಲಿನ ಸಲಹೆಗಳನ್ನು ಒಪ್ಪುತ್ತೇನೆ. ಆದರೆ ಮೊಬೈಲ್ ಮಾತ್ರ ಚಿತ್ರವನ್ನು ತಿದ್ದುತ್ತದೆ, ಹಿಂದಿನವರು ಇದ್ದದ್ದನ್ನು ಇದ್ದಂತೆ ತೆಗೆಯುತ್ತಿದ್ದರು ಎಂಬ ಭಾವನೆ ಬೇಡ. ನಾನು ಹಲವು ವರ್ಷ ಡಾರ್ಕ್‌ರೂಮಿನಲ್ಲಿ, ಅಂದರೆ ಫಿಲ್ಮ್ ಕಾಲದ ಕತ್ತಲೆ ಕೋಣೆಯಲ್ಲಿ, ಪ್ರಿಂಟ್ ಹಾಕಿದವನು. ಪ್ರಿಂಟಿನ ಕಾಗದ ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ. ಫಿಲ್ಮನ್ನು ದೊಡ್ಡದಾಗಿ ಬಿಂಬಿಸುವ ಎನ್‌ಲಾರ್ಜರಿನ ಬೆಳಕು ಕಾಗದದ ಮೇಲೆ ಬೀಳುತ್ತಿರುವಾಗ, ತಂತಿಯ ತುದಿಗೆ ಅಂಟಿಸಿದ ರಟ್ಟಿನ ಬಿಲ್ಲೆಯನ್ನು ಅಲುಗಾಡಿಸುತ್ತ ಮುಖದ ನೆರಳನ್ನು ತಿಳಿಗೊಳಿಸುತ್ತಿದ್ದೆವು. ಅಂಗೈಗಳ ಸಂದಿಯಿಂದ ಬೆಳಕು ಬಿಟ್ಟು ಗೋಡೆಯನ್ನು ಕಪ್ಪಾಗಿಸುತ್ತಿದ್ದೆವು. ಕೈ ಒಂದು ಕ್ಷಣ ನಿಂತರೂ ಬಿಲ್ಲೆಯ ಅಂಚು ಪ್ರಿಂಟಿನಲ್ಲಿ ಮೂಡಿಬಿಡುತ್ತಿತ್ತು, ಆ ಕಾಗದ ಅಲ್ಲಿಗೆ ವ್ಯರ್ಥ.

ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ರೂಪಿಸಿದ ಜೋನ್ ಸಿಸ್ಟಮ್ ಇದೇ ಕೆಲಸವನ್ನು ಲೆಕ್ಕಾಚಾರಕ್ಕೆ ತಂದಿತು. ಅಚ್ಚಗಪ್ಪಿನಿಂದ ಅಚ್ಚಬಿಳುಪಿನವರೆಗಿನ ಛಾಯೆಗಳನ್ನು ಅದು ವಲಯಗಳಾಗಿ ವಿಂಗಡಿಸುತ್ತದೆ. ಮೀಟರ್ ತೋರಿಸುವ ಬೂದು ಐದನೆಯ ವಲಯ. ಕಂದು ಚರ್ಮ ಹೆಚ್ಚುಕಡಿಮೆ ಅಲ್ಲಿಯೇ ಬರುತ್ತದೆ, ತಿಳಿ ಬಣ್ಣದ ಚರ್ಮ ಆರನೆಯದರಲ್ಲಿ. ನಿಮ್ಮ ತಾಯಿಯವರ ಕೆನ್ನೆಯನ್ನು ಅಳೆಯುವಾಗ ಇದನ್ನು ನೆನಪಿಡಿ: ಬಣ್ಣ ತಿಳಿಯಾಗಿದ್ದರೆ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು ಬೆಳಕು, ಕೊಡಬೇಕು, ಕಂದಾಗಿದ್ದರೆ ಮೀಟರಿನ ಮಾತನ್ನು ನಂಬಬಹುದು.

ಅಂದು ಗೋಡೆ ಕಪ್ಪಾಗಿರಬೇಕೆಂದು ತೀರ್ಮಾನಿಸುತ್ತಿದ್ದವನು ಚಿತ್ರ ತೆಗೆದವನೇ. ಇಂದು ನೀವು ಏನೂ ಹೇಳದಿದ್ದರೆ, ನಿಮ್ಮ ತಾಯಿಯನ್ನು ಎಂದೂ ನೋಡಿರದ ತಂತ್ರಾಂಶವೊಂದು ಅದನ್ನು ತೀರ್ಮಾನಿಸುತ್ತದೆ. ನನ್ನನ್ನು ನಿಜಕ್ಕೂ ಕಾಡುವ ಬದಲಾವಣೆ ಇದೊಂದೇ.

ಉತ್ತರ 3

ಎರಡು ಸಣ್ಣ ವಿಷಯಗಳನ್ನು ಸೇರಿಸುತ್ತೇನೆ. ಸೂಜಿ ಹಿಡಿದ ಕೈ ಸದಾ ಅಲುಗುತ್ತಿರುತ್ತದೆ, ಆದ್ದರಿಂದ ಷಟರ್ ವೇಗ ಸೆಕೆಂಡಿನ 1/125ಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ. ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಬೇಕಾದರೆ ಅಂಜದೆ ಏರಿಸಿ. ಎರಡನೆಯದಾಗಿ, ಕೋಣೆಯ ಗೋಡೆಗಳು ಬಿಳಿಯಾಗಿದ್ದರೆ ಅವುಗಳಿಂದ ಪ್ರತಿಫಲಿಸಿದ ಬೆಳಕು ನೆರಳಿನ ಕೆನ್ನೆಯನ್ನು ತುಂಬುತ್ತದೆ, ನೀವು ಬಿಳಿ ಅಂಗಿ ತೊಟ್ಟು ಎದುರಿಗೆ ನಿಂತರೂ ಅಷ್ಟೇ. ಆ ಪಾರ್ಶ್ವದಲ್ಲಿ ಕಪ್ಪು ಬಟ್ಟೆಯೊಂದನ್ನು ಇಳಿಬಿಟ್ಟರೆ ನೆರಳು ಆಳವಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಇಂದು ಬೆಳಿಗ್ಗೆ ಕುರ್ಚಿ ಸರಿಸಿ, ಕಪ್ಪು ಶಾಲನ್ನು ಇಳಿಬಿಟ್ಟು, ಡಿಎಸ್‌ಎಲ್‌ಆರ್‌ನಲ್ಲಿ ಕೆನ್ನೆಯನ್ನು ಅಳೆದು ತೆಗೆದೆ. ಮೊದಲ ಚಿತ್ರಗಳಲ್ಲಿ ನೆರಳಿನ ಕಣ್ಣು ಪೂರ್ತಿ ಮಾಯವಾಗಿತ್ತು, ಶಾಲನ್ನು ಎರಡಡಿ ಹಿಂದಕ್ಕೆ ಸರಿಸಿದ ಮೇಲೆ ಅದರ ಹೊಳಪಷ್ಟೇ ಮರಳಿ ಬಂತು. ಕ್ಯಾಲೆಂಡರ್ ಈಗ ಕಾಣುವುದಿಲ್ಲ. ದಾರದ ಒದ್ದೆ ತುದಿಯ ಮೇಲೆ ಬಿದ್ದ ಬೆಳಕು ಮಾತ್ರ ಸೂಜಿಗಿಂತ ಮೊದಲು ಕಣ್ಣಿಗೆ ಬೀಳುತ್ತದೆ.